ಬಾಬಾಸಾಹೇಬರು ಇವತ್ತು ಅರ್ಜಿ ಹಾಕಿದ್ದರೆ?

ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ. ಮನೇಲಿ ಡಿಗ್ರಿ ಓದ್ತಿರೋ ಮಕ್ಕಳಿದ್ರೆ ಅವರಿಗೂ ಓದಿಸಿ.

ಹೋದ ತಿಂಗಳು ಊರಿಗೆ, ಮಾಡದಕೆರೆಗೆ ಹೋಗಿದ್ದೆ. ಅಕ್ಕನ ಮನೆ ಜಗಲಿ ಮೇಲೆ ಕೂತು ಟೀ ಕುಡೀತಿದ್ದಾಗ ಅಕ್ಕನ ಮಗಳು ಬಂದು ಮೊಬೈಲ್ ಕೈಗಿಟ್ಟಳು. "ಮಾಮ, ನೀನು ದಿನಾ ಆಫೀಸಲ್ಲಿ ಇಂಥವೇ ಓದ್ತೀಯಲ್ಲ, ಇದನ್ನ ಒಂದ್ಸಲ ಓದಿ ಹೇಳು. ನಂಗೆ ಅರ್ಥ ಆಗಿದ್ದು ಸರಿನಾ ತಪ್ಪಾ?" ಅಂದಳು.

ಈ ಹುಡುಗಿ ನಮ್ಮ ಎ.ಕೆ. ಕಾಲೋನಿಯಲ್ಲಿ ಎಂ.ಎ. ಇತಿಹಾಸ ಮಾಡಿದ ಮೊದಲನೇ ಹೆಣ್ಣುಮಗಳು. ಅವಳಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರೋ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡಬೇಕು ಅಂತ ಆಸೆ. ಅವಳ ವಿಷಯ ನಮ್ಮ ಕಡೆಯ ಕೆರೆಗಳು ಮತ್ತು ನೀರಗಂಟಿಗಳು. ನಮ್ಮ ತಾತ, ಅಂದ್ರೆ ಅವಳ ಮುತ್ತಾತ, ನೀರಗಂಟಿ ಆಗಿದ್ದೋರು. ಕೆರೆ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡ್ತಿದ್ದೋರು ಅವರೇ. ಊರೊಳಗಿನ ಬಾವಿ ಹಗ್ಗ ಮುಟ್ಟಬಾರದು ಅನ್ನಿಸಿಕೊಂಡೋರೂ ಅವರೇ. ಊರಿಗೆಲ್ಲ ನೀರು ಹಂಚೋ ಕೈ ಒಂದು ಕೊಡ ನೀರು ಸೇದೋ ಹಾಗಿರಲಿಲ್ಲ. ಇದು ಹೇಗೆ ಆಯ್ತು, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ಮೇಲೆ ತೋಟಿ, ತಳವಾರ, ನೀರಗಂಟಿ ಮನೆತನಗಳ ಇನಾಮು ಭೂಮಿ ಎಲ್ಲಿ ಹೋಯ್ತು, ಇದನ್ನ ಬರೀಬೇಕು ಅಂತ ಅವಳ ಹಟ. ಅಲ್ಲಿನ ಒಬ್ಬರು ಪ್ರಾಧ್ಯಾಪಕರಿಗೆ ಮೇಲ್ ಬರೆದಿದ್ದಾಳೆ. ಅವರು ವಿಷಯ ಚೆನ್ನಾಗಿದೆ, ಅರ್ಜಿ ಹಾಕು ಅಂದಿದ್ದಾರೆ.

ಅವಳು ನನ್ನ ಕೈಗೆ ಕೊಟ್ಟಿದ್ದು ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ ಮಾರ್ಗಸೂಚಿ. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಸುತ್ತೋಲೆ, ಷರತ್ತು, ಷರಾ ಇವನ್ನೇ ಓದ್ತಾ ಬಂದಿದ್ದೀನಿ. ದಪ್ಪಕ್ಷರದಲ್ಲಿ ಇರೋದಕ್ಕಿಂತ ನಡುವೆ ಸಣ್ಣದಾಗಿ ಸೇರಿಸಿರೋ ಸಾಲೇ ಕೆಲಸ ಕೆಡಿಸೋದು ಅಂತ ಗೊತ್ತು. ಹಾಗೇ ಒಂದು ಸಾಲು ಸಿಕ್ತು. ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಅಧ್ಯಯನ, ಇವಕ್ಕೆ ಸೇರಿದ ಸಂಶೋಧನಾ ವಿಷಯಗಳು ಈ ಯೋಜನೆಗೆ ಒಳಪಡುವುದಿಲ್ಲ. ಈ ಸಾಲು ಸೇರಿಸಿದ್ದು 2022ರಲ್ಲಿ.

"ಸರಿಯಾಗೇ ಅರ್ಥ ಆಗಿದೆಯಮ್ಮ" ಅಂದೆ. ಅವಳು ಸುಮ್ಮನಾದಳು.

ಆಮೇಲೆ ನಾನೊಂದು ಮಾತು ಹೇಳಿದೆ. ಅದಕ್ಕೆ ಅವಳೊಂದು ಉತ್ತರ ಕೊಟ್ಟಳು. ಆ ಉತ್ತರ ಕೇಳಿದ ಮೇಲೆ ನಂಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅದನ್ನ ಕೊನೆಗೆ ಹೇಳ್ತೀನಿ. ಮೊದಲು ಇತಿಹಾಸ ನೋಡೋಣ. ನಮ್ಮವರು ಹೊರದೇಶಕ್ಕೆ ಓದೋಕೆ ಹೋದಾಗೆಲ್ಲ ಬಾಗಿಲಿನ ಕೀಲಿಕೈ ಯಾರ ಕೈಲಿತ್ತು, ಏನು ಷರತ್ತು ಇತ್ತು, ಅವರು ಅಲ್ಲಿ ಏನು ಓದಿದರು ಅಂತ.

*

1913ರಿಂದ ಶುರು ಮಾಡಬೇಕು. ಬರೋಡದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು ಇಪ್ಪತ್ತೆರಡು ವರ್ಷದ ಭೀಮರಾವ್ ಅವರಿಗೆ ಅಮೆರಿಕಕ್ಕೆ ಹೋಗೋಕೆ ವಿದ್ಯಾರ್ಥಿವೇತನ ಕೊಟ್ಟರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಅದೇನು ಪುಕ್ಕಟೆ ದಾನ ಅಲ್ಲ. 1913ರ ಜೂನ್‌ನಲ್ಲಿ ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ಕೆಲಸ ಮಾಡಬೇಕು ಅನ್ನೋದು ಷರತ್ತು. ಬಾಂಡ್ ಬರೆಸಿಕೊಳ್ಳೋ ಪದ್ಧತಿ ಇವತ್ತಿಗೂ ಇದೆ, ಅದಕ್ಕೆ ನನ್ನ ತಕರಾರಿಲ್ಲ.

ನಾನು ಹೇಳಬೇಕಾಗಿರೋದು ಬೇರೆ. ಏನು ಓದ್ತೀಯ ಅಂತ ಮಹಾರಾಜರು ಕೇಳಿದಾಗ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಅದರಲ್ಲೂ ಸಾರ್ವಜನಿಕ ಹಣಕಾಸು ಅಂತ ಬಾಬಾಸಾಹೇಬರು ಹೇಳಿದರು ಅಂತ ಅವರ ಜೀವನಚರಿತ್ರೆಗಳಲ್ಲಿ ಬರುತ್ತೆ. ಅದನ್ನ ಓದಿ ನನ್ನ ಸಮಾಜದ ಸ್ಥಿತಿ ಸುಧಾರಿಸೋ ದಾರಿ ಹುಡುಕ್ತೀನಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರಂತೆ. ರಾಜರು ಬೇಡ ಅನ್ನಲಿಲ್ಲ.

ಈಗ ಅವರು ಅಲ್ಲಿ ಬರೆದಿದ್ದರ ಪಟ್ಟಿ ನೋಡಿ. 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ. ಪ್ರಬಂಧ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ. 1916ರ ಮೇ 9ರಂದು ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಓದಿದ ಪ್ರಬಂಧ, ಭಾರತದಲ್ಲಿ ಜಾತಿಗಳು ಹೇಗೆ ಹುಟ್ಟಿದವು, ಹೇಗೆ ಹರಡಿದವು ಅನ್ನೋದರ ಮೇಲೆ. ಆಮೇಲೆ ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸಿನ ಇತಿಹಾಸ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಡಿ.ಎಸ್ಸಿ.ಗೆ ರೂಪಾಯಿಯ ಸಮಸ್ಯೆ. ಒಂದೊಂದೂ ಭಾರತದ ಇತಿಹಾಸ, ಭಾರತದ ಸಮಾಜ, ಭಾರತದ ಹಣಕಾಸು. ಒಂದು ಪ್ರಬಂಧವೂ ಅಮೆರಿಕದ ಮೇಲಿಲ್ಲ, ಇಂಗ್ಲೆಂಡಿನ ಮೇಲಿಲ್ಲ.

2022ರ ಆ ಸಾಲು 1913ರಲ್ಲಿ ಇದ್ದಿದ್ದರೆ? ಜಾತಿಯ ಹುಟ್ಟಿನ ಮೇಲೆ ಬರೀತೀನಿ ಅಂತ ಅರ್ಜಿ ಹಾಕಿದ ಭೀಮರಾವ್ ರಾಮ್‌ಜಿ ಅಂಬೇಡ್ಕರ್ ಅನ್ನೋ ಅಭ್ಯರ್ಥಿಯ ಕಡತದ ಮೇಲೆ ನನ್ನಂಥ ಗುಮಾಸ್ತನೊಬ್ಬ 'ವಿಷಯ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ, ತಿರಸ್ಕರಿಸಬಹುದು' ಅಂತ ಷರಾ ಬರೆದು ಮೇಲಕ್ಕೆ ಕಳಿಸ್ತಿದ್ದ. ಅಷ್ಟೇ.

ಮುಂದಿನದು ನಿಮಗೆಲ್ಲ ಗೊತ್ತಿರೋದೇ. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗೀತು, ಲಂಡನ್ ಓದು ಅರ್ಧಕ್ಕೆ ಬಿಟ್ಟು ವಾಪಸ್ ಬಂದರು. ಅವರ ಪುಸ್ತಕಗಳಿದ್ದ ಹಡಗು ಯುದ್ಧದಲ್ಲಿ ಮುಳುಗಿಹೋಯ್ತು. ಬರೋಡಕ್ಕೆ ಕೆಲಸಕ್ಕೆ ಹೋದರೆ ಉಳಕೊಳ್ಳೋಕೆ ಜಾಗ ಇಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನ ಹೊರಗೆ ಹಾಕಿತು. ಕೊಲಂಬಿಯಾದಲ್ಲಿ ಓದಿದ ಮನುಷ್ಯ ಸಾರ್ವಜನಿಕ ಉದ್ಯಾನದಲ್ಲಿ ಕೂತು ಮುಂಬೈ ರೈಲಿಗೆ ಕಾದರು. ಈ ಘಟನೆಯನ್ನ ಅವರೇ ಬರೆದಿಟ್ಟಿದ್ದಾರೆ. ಆ ಬರಹಕ್ಕಿರೋ ಹೆಸರು 'ವೀಸಾಗಾಗಿ ಕಾಯುತ್ತ'. ಅಮೆರಿಕಕ್ಕೆ ಹೋಗಿ ಬಂದವರು ತಮ್ಮದೇ ದೇಶದ ಒಂದು ಊರಿನೊಳಗೆ ಹೋಗೋಕೆ ಕಾದ ಕಥೆ ಅದು. ಅರ್ಧಕ್ಕೆ ನಿಂತ ಓದು ಮುಗಿಸೋಕೆ 1920ರಲ್ಲಿ ಮತ್ತೆ ಲಂಡನ್‌ಗೆ ಹೋದಾಗ ತಾವು ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಪಾರ್ಸಿ ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಇವೇ ದಾರಿ ಖರ್ಚು.

*

ಅದೇ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿ ಏನು ನಡೀತಿತ್ತು? ಸರ್ಕಾರಿ ಕೆಲಸದಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ ಅನ್ನೋ ದೂರಿನ ಮೇಲೆ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. 1919ರಲ್ಲಿ ವರದಿ ಬಂತು. ಮೀಸಲಾತಿ, ಹಿಂದುಳಿದವರಿಗೆ ವಿದ್ಯಾರ್ಥಿವೇತನದ ಮಾತು ಅಲ್ಲಿಂದ ಶುರುವಾಯ್ತು. ಆದರೆ ನಮ್ಮ ಕೇರಿ ಮಕ್ಕಳಿಗೆ ಅವತ್ತಿನ ಪ್ರಶ್ನೆ ವಿದೇಶದ್ದಲ್ಲ, ಊರ ಶಾಲೆಯ ಒಳಗೆ ಕೂರೋದಾ, ಕಿಟಕಿ ಹೊರಗೆ ನಿಲ್ಲೋದಾ ಅನ್ನೋದು.

ಹೀಗಾಗಿ ಮೈಸೂರಿನಿಂದ ವಿದೇಶಕ್ಕೆ ಹೋಗಿ ನಮ್ಮ ಹಳ್ಳಿಗಳ ಬಗ್ಗೆ ಬರೆದವರು ಬೇರೆಯವರು. ಎಂ.ಎನ್. ಶ್ರೀನಿವಾಸ್ ಅವರನ್ನೇ ನೋಡಿ. 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು, ದೊಡ್ಡ ಸಮಾಜಶಾಸ್ತ್ರಜ್ಞರಾದರು. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು, 1976ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಅವರ ಬಗ್ಗೆ ನನಗೆ ಗೌರವ ಇದೆ. ತಾನು ಮೇಲ್ಜಾತಿಯವರ ನಡುವೆ ಇದ್ದುಕೊಂಡು ನೋಡಿದ ಊರು ಇದು ಅಂತ ಅವರೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಆದರೆ ಅದರ ಅರ್ಥ ಏನು? ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಆದ ನಮ್ಮ ಹಳ್ಳಿಯಲ್ಲಿ ಕೇರಿ ದೂರದಿಂದ ಕಾಣುತ್ತೆ. ಕೇರಿಯಿಂದ ಊರು ಹೇಗೆ ಕಾಣುತ್ತೆ ಅನ್ನೋದನ್ನ ಬರೆಯೋರು ಆ ಹಡಗು ಹತ್ತಿರಲಿಲ್ಲ.

ಹಡಗು ಹತ್ತಿಸೋ ಪ್ರಯತ್ನ ಮಾಡಿದವರೂ ಬಾಬಾಸಾಹೇಬರೇ. 1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಗೆ ಸದಸ್ಯರಾದ ಕೆಲವೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆ ಬಗ್ಗೆ ದೊಡ್ಡ ಮನವಿ ಕೊಟ್ಟರು. ನಮ್ಮ ಮಕ್ಕಳ ಉನ್ನತ ಶಿಕ್ಷಣಕ್ಕೆ, ವಿದೇಶದ ಓದಿಗೆ ಸರ್ಕಾರ ಹಣ ಇಡಬೇಕು ಅಂತ ಅದರಲ್ಲಿ ಕೇಳಿದರು. 1944ರಲ್ಲಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಯ್ತು. ನಾನು ಬಿ.ಎ. ಓದಿದ್ದು ಅದೇ ದುಡ್ಡಲ್ಲಿ. ನೀವೂ ಬಹಳ ಜನ ಅದರಲ್ಲೇ ಓದಿದೋರು. ಸ್ವಾತಂತ್ರ್ಯ ಬಂದ ಮೇಲೆ, 1954–55ರಲ್ಲಿ, ವಿದೇಶ ವ್ಯಾಸಂಗದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಬಂತು. ಅಂದ್ರೆ ನಮ್ಮ ಹುಡುಗಿ ಮೊಬೈಲಲ್ಲಿ ತೋರಿಸಿದ ಆ ಯೋಜನೆಗೆ ಎಪ್ಪತ್ತು ವರ್ಷ ದಾಟಿದೆ.

ಈ ಯೋಜನೆಗೂ ಮುಂಚೆ ಹೋದವರೂ ಇದ್ದಾರೆ. ಕೇರಳದ ಉಳವೂರಿನ ಗುಡಿಸಲಿನ ಹುಡುಗ ಕೆ.ಆರ್. ನಾರಾಯಣನ್ ಟಾಟಾ ಸ್ಕಾಲರ್‌ಶಿಪ್ ಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿ ಬಂದರು. 1949ರಲ್ಲಿ ವಿದೇಶಾಂಗ ಸೇವೆ ಸೇರಿದರು. 1997ರಲ್ಲಿ ರಾಷ್ಟ್ರಪತಿ ಆದರು. ಅವರು ರಾಜತಾಂತ್ರಿಕರಾಗಿ ಕೆಲಸ ಮಾಡಿದ ಊರುಗಳಲ್ಲಿ ಕ್ಯಾನ್‌ಬೆರಾನೂ ಒಂದು. ಅವರು ಅಲ್ಲಿದ್ದದ್ದು ಎಂಥ ಕಾಲ ಅಂತ ತಿಳ್ಕೋಬೇಕಾದ್ರೆ ಆಸ್ಟ್ರೇಲಿಯಾದ ಕಥೆ ನೋಡಬೇಕು.

*

1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶ ಆದ ಕೂಡಲೇ ಮಾಡಿದ ಮೊದಮೊದಲ ಕಾನೂನುಗಳಲ್ಲಿ ಒಂದು ವಲಸೆ ನಿರ್ಬಂಧ ಕಾಯ್ದೆ. ಬಿಳಿಯರಲ್ಲದವರು ಬರಬಾರದು ಅಂತ ನೇರವಾಗಿ ಬರೆದಿರಲಿಲ್ಲ. ಅಧಿಕಾರಿ ಹೇಳಿದ ಯುರೋಪಿನ ಒಂದು ಭಾಷೆಯಲ್ಲಿ ಉಕ್ತಲೇಖನ ಬರೀಬೇಕು ಅಂತಿತ್ತು. ಯಾವ ಭಾಷೆ ಅನ್ನೋದು ಅಧಿಕಾರಿಯ ಇಷ್ಟ. ಬೇಡವಾದವನಿಗೆ ಬಾರದ ಭಾಷೆ ಕೊಟ್ಟರೆ ಮುಗೀತು. ನೋಡಿ, ಹೊರಗಿಡೋಕೆ ಬಯಸೋ ಕಚೇರಿ ಎಂದೂ 'ನೀನು ಬೇಡ' ಅಂತ ಬರೆಯಲ್ಲ. ಒಂದು ಷರತ್ತು ಬರೆಯುತ್ತೆ. ಆ ಬಿಳಿ ಆಸ್ಟ್ರೇಲಿಯಾ ನೀತಿ ಪೂರ್ತಿಯಾಗಿ ಹೋಗಿದ್ದು 1973ರಲ್ಲಿ. ನಾರಾಯಣನ್ ಅವರು ಕ್ಯಾನ್‌ಬೆರಾದಲ್ಲಿ ಇದ್ದಾಗ ಅದು ಇನ್ನೂ ಜೀವಂತ ಇತ್ತು.

ಆ ನೀತಿ ಇದ್ದಾಗಲೇ, 1950ರ ದಶಕದಿಂದ, ಕೊಲಂಬೋ ಯೋಜನೆ ಅಡಿಯಲ್ಲಿ ಏಷ್ಯಾದ ಸಾವಿರಾರು ವಿದ್ಯಾರ್ಥಿಗಳು ಆಸ್ಟ್ರೇಲಿಯಾಕ್ಕೆ ಓದೋಕೆ ಹೋದರು. ಓದಿ ವಾಪಸ್ ಹೋಗಬೇಕು ಅನ್ನೋದು ಒಪ್ಪಂದ. ನಮ್ಮ ಹುಡುಗಿ ಕನಸು ಕಾಣೋ ವಿಶ್ವವಿದ್ಯಾಲಯ 1946ರಲ್ಲಿ ಅಲ್ಲಿನ ಸಂಸತ್ತು ಸಂಶೋಧನೆಗೆ ಅಂತಲೇ ಕಾಯ್ದೆ ಮಾಡಿ ಕಟ್ಟಿದ್ದು.

ಹೊರಗಿನವರಿಗೆ ಹೀಗೆ ಬಾಗಿಲು ಅರ್ಧ ತೆರೆದಿತ್ತು. ಆ ನೆಲದ ಮೂಲನಿವಾಸಿಗಳಿಗೆ, ಅಬಾರಿಜಿನಲ್ ಜನಕ್ಕೆ? ಚಾರ್ಲ್ಸ್ ಪರ್ಕಿನ್ಸ್ ಅನ್ನೋ ಹೆಸರು ನೆನಪಿಟ್ಕೊಳ್ಳಿ. 1936ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದವರು. ಸಿಡ್ನಿ ವಿಶ್ವವಿದ್ಯಾಲಯ ಶುರುವಾಗಿದ್ದು 1850ರಲ್ಲಿ. ಅಲ್ಲಿಂದ ಪದವಿ ಪಡೆದ ಮೊದಲ ಅಬಾರಿಜಿನಲ್ ಗಂಡಸು ಪರ್ಕಿನ್ಸ್, 1966ರಲ್ಲಿ. ನೂರಾ ಹದಿನಾರು ವರ್ಷ ಬೇಕಾಯ್ತು. ಓದಿನ ಖರ್ಚಿಗೆ ಅವರು ನಗರಸಭೆಯಲ್ಲಿ ಶೌಚಾಲಯ ತೊಳೆಯೋ ಕೆಲಸ ಮಾಡ್ತಿದ್ದರು.

ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ.

1965ರ ಫೆಬ್ರವರಿಯಲ್ಲಿ, ಇನ್ನೂ ವಿದ್ಯಾರ್ಥಿ ಆಗಿದ್ದಾಗಲೇ, ಪರ್ಕಿನ್ಸ್ ಸುಮಾರು ಮೂವತ್ತು ಸಹಪಾಠಿಗಳನ್ನ ಬಸ್ಸಲ್ಲಿ ಕೂರಿಸಿಕೊಂಡು ನ್ಯೂ ಸೌತ್ ವೇಲ್ಸ್‌ನ ಸಣ್ಣ ಊರುಗಳಿಗೆ ಹೋದರು. ಫ್ರೀಡಂ ರೈಡ್ ಅಂತ ಅದಕ್ಕೆ ಹೆಸರು. ಮೋರೀ ಅನ್ನೋ ಊರಲ್ಲಿ ಪುರಸಭೆಯ ಈಜುಕೊಳಕ್ಕೆ ಅಬಾರಿಜಿನಲ್ ಮಕ್ಕಳು ಇಳಿಯೋ ಹಾಗಿರಲಿಲ್ಲ. ಪರ್ಕಿನ್ಸ್ ಆ ಮಕ್ಕಳ ಕೈ ಹಿಡ್ಕೊಂಡು ಹೋಗಿ ಕೊಳದ ಬಾಗಿಲಲ್ಲಿ ನಿಂತರು. ಮೊಟ್ಟೆ, ಟೊಮೆಟೊ ಎಸೆದರು. ಹಿಂದೆ ಸರೀಲಿಲ್ಲ. ಎರಡೇ ವರ್ಷದಲ್ಲಿ, 1967ರ ಮೇ 27ರ ಜನಮತಗಣನೆಯಲ್ಲಿ, ಮೂಲನಿವಾಸಿಗಳನ್ನ ದೇಶದ ಜನಗಣತಿಯಲ್ಲಿ ಸೇರಿಸಬೇಕು, ಅವರ ಸಲುವಾಗಿ ಕಾನೂನು ಮಾಡೋ ಅಧಿಕಾರ ಕೇಂದ್ರಕ್ಕೆ ಇರಬೇಕು ಅಂತ ಶೇ. 90ಕ್ಕಿಂತ ಹೆಚ್ಚು ಜನ ಮತ ಹಾಕಿದರು. 1969ರಲ್ಲಿ ಅವರ ಮಕ್ಕಳ ಉನ್ನತ ಓದಿಗೆ ವಿದ್ಯಾರ್ಥಿವೇತನ ಬಂತು. 1984ರಲ್ಲಿ ಪರ್ಕಿನ್ಸ್ ಮೂಲನಿವಾಸಿ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿ ಆದರು.

1927ರ ಮಾರ್ಚ್ 20, ಮಹಾಡ್, ಚವದಾರ್ ಕೆರೆ. 1965, ಮೋರೀ, ಈಜುಕೊಳ. ಎರಡೂ ಕಡೆ ನೀರು. ಎರಡೂ ಕಡೆ ಕೂಡ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಒಬ್ಬ ಮನುಷ್ಯ ವಾಪಸ್ ತನ್ನ ಜನರ ಹತ್ತಿರ ಬಂದು ನೀರಿನ ದಡದಲ್ಲಿ ನಿಂತ. ಮಾಡದಕೆರೆಯ ನೀರಗಂಟಿಯ ಮರಿಮಗಳು ಆ ದೇಶಕ್ಕೇ ಹೋಗಿ ಕೆರೆಯ ಬಗ್ಗೆ ಬರೀತೀನಿ ಅಂದ್ರೆ ಅದು ಶೋಕಿ ಅಲ್ಲ. ನಮ್ಮ ಕಥೆಗೆ ಅಲ್ಲಿ ಕೇಳೋ ಕಿವಿ ಇದೆ, ಪಕ್ಕದಲ್ಲಿಟ್ಟು ನೋಡೋಕೆ ಇನ್ನೊಂದು ಕಥೆ ಇದೆ.

ಇನ್ನೊಂದು ವಿಷಯ. ಭಾರತದ ರೈತರು, ಆದಿವಾಸಿಗಳು, ಕೆಳಗಿನವರ ಕಡೆಯಿಂದ ಇತಿಹಾಸ ಬರೀಬೇಕು ಅಂತ ಹೊರಟ ಸಬಾಲ್ಟರ್ನ್ ಸ್ಟಡೀಸ್ ಅನ್ನೋ ಪಂಥದ ಮೊದಲ ಸಂಪುಟ ಬಂದಿದ್ದು 1982ರಲ್ಲಿ. ಅದರ ಸಂಪಾದಕ ರಣಜಿತ್ ಗುಹಾ ಆಗ ಇದ್ದದ್ದು ಇದೇ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ. ಭಾರತದ ಬಡವರ ಇತಿಹಾಸವನ್ನ ಆಸ್ಟ್ರೇಲಿಯಾದಲ್ಲಿ ಕೂತು ಬರೆದಿದ್ದನ್ನ ನಮ್ಮ ವಿಶ್ವವಿದ್ಯಾಲಯಗಳು ಇವತ್ತೂ ಪಾಠ ಮಾಡ್ತಾವೆ. ಭಾರತದ ವಿಷಯ ಓದೋಕೆ ವಿದೇಶ ಯಾಕೆ ಅಂತ ಆಗ ಯಾರೂ ಕೇಳಲಿಲ್ಲ. ಆ ಪ್ರಶ್ನೆ ಹುಟ್ಟಿದ್ದು ನಮ್ಮ ಮಕ್ಕಳು ಸರ್ಕಾರದ ದುಡ್ಡಲ್ಲಿ ಹೊರಟಾಗ.

*

ಈಗ ದುಡ್ಡಿನ ಲೆಕ್ಕ. ಇದು ನನ್ನ ಕಸುಬು.

ಆಸ್ಟ್ರೇಲಿಯಾ 1974ರಲ್ಲಿ ವಿಶ್ವವಿದ್ಯಾಲಯದ ಶುಲ್ಕವನ್ನೇ ತೆಗೆದಿತ್ತು. 1980ರ ದಶಕದ ನಡುವಿನಿಂದ ಲೆಕ್ಕ ತಿರುಗಿತು. ಹೊರದೇಶದ ವಿದ್ಯಾರ್ಥಿಗಳಿಂದ ಪೂರ್ತಿ ಶುಲ್ಕ ತಗೊಳ್ಳೋದು ಶುರುವಾಯ್ತು. ನೆರವಾಗಿದ್ದದ್ದು ವ್ಯಾಪಾರ ಆಯ್ತು. ಬಣ್ಣ ನೋಡಿ ತಡೆಯೋದು ಹೋಯ್ತು, ಬ್ಯಾಂಕ್ ಪಾಸ್‌ಬುಕ್ ನೋಡಿ ತಡೆಯೋದು ಬಂತು. 2024ರ ಮೇ ತಿಂಗಳಿಂದ ವಿದ್ಯಾರ್ಥಿ ವೀಸಾ ಬೇಕಾದ್ರೆ ಒಂದು ವರ್ಷದ ಜೀವನಕ್ಕೆ 29,710 ಆಸ್ಟ್ರೇಲಿಯನ್ ಡಾಲರ್ ಇದೆ ಅಂತ ತೋರಿಸಬೇಕು. ನಮ್ಮ ದುಡ್ಡಲ್ಲಿ ಹದಿನಾರು ಲಕ್ಷಕ್ಕೂ ಮೇಲೆ. ವೀಸಾ ಅರ್ಜಿ ಶುಲ್ಕ 710 ಡಾಲರ್ ಇದ್ದದ್ದು 2024ರ ಜುಲೈಗೆ 1,600 ಆಯ್ತು, 2025ರ ಜುಲೈಗೆ 2,000. ಅರ್ಜಿ ಹಾಕೋಕೇ ಲಕ್ಷ ರೂಪಾಯಿ ಮೇಲೆ. ತೆಂಗಿನ ತೋಟ ಇದ್ದವರು ತೋಟ ಅಡ ಇಟ್ಟು ಮಕ್ಕಳನ್ನ ಕಳಿಸ್ತಾರೆ. ಅಕ್ಕನಿಗೆ ಇರೋದು ಜನತಾ ಮನೆ, ಎರಡು ಮೇಕೆ. ಅದಕ್ಕೇ ಸ್ಕಾಲರ್‌ಶಿಪ್ ಅನ್ನೋದು ನಮಗೆ ಹೆಚ್ಚಿನ ಸೌಲಭ್ಯ ಅಲ್ಲ, ಇರೋ ಒಂದೇ ದಾರಿ.

ಆ ದಾರಿ ಎಷ್ಟು ಅಗಲ? 2011ರ ಜನಗಣತಿ ಪ್ರಕಾರ ದೇಶದಲ್ಲಿ ಪರಿಶಿಷ್ಟ ಜಾತಿಯವರು ಇಪ್ಪತ್ತು ಕೋಟಿಗೂ ಹೆಚ್ಚು. ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ವರ್ಷಕ್ಕೆ 125. ಅದರಲ್ಲಿ ಪರಿಶಿಷ್ಟ ಜಾತಿಗೆ 115. ಕುಟುಂಬದ ಆದಾಯ ಎಂಟು ಲಕ್ಷ ಮೀರಬಾರದು, ವಯಸ್ಸು 35ರ ಒಳಗಿರಬೇಕು, ವಿಶ್ವವಿದ್ಯಾಲಯ ಜಗತ್ತಿನ ಮೊದಲ 500ರಲ್ಲಿ ಇರಬೇಕು. ಎಲ್ಲಾ ದಾಟಿ ಆಯ್ಕೆ ಆದರೂ ಮುಗೀಲಿಲ್ಲ. 2025ರ ಜುಲೈನಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲು ಪತ್ರ ಸಿಕ್ಕಿದ್ದು 40 ಜನಕ್ಕೆ. ಉಳಿದ 66 ಜನಕ್ಕೆ ಹಣ ಲಭ್ಯವಾದರೆ ಕೊಡ್ತೀವಿ ಅಂದರು. ವಿಶ್ವವಿದ್ಯಾಲಯದ ಸೀಟು ಕಾಯುತ್ತಾ?

ಇಂಥ ಇಕ್ಕಟ್ಟಿನ ದಾರಿಗೆ ಅಡ್ಡ ಹಾಕಿರೋದು ಆ ಸಾಲು. ಅದಕ್ಕೆ ಸರ್ಕಾರದ ಕಡೆಯವರು ಕೊಟ್ಟ ಕಾರಣ, ಭಾರತದ ಬಗ್ಗೆ ಓದೋಕೆ ಬೇಕಾದ್ದೆಲ್ಲ ಭಾರತದ ವಿಶ್ವವಿದ್ಯಾಲಯಗಳಲ್ಲೇ ಇದೆ, ವಿದೇಶದ ಸೀಟು ಬೇರೆ ವಿಷಯಕ್ಕೆ ಇರಲಿ ಅಂತ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತೆ. ಬಾಬಾಸಾಹೇಬರು ಕೂಡ ನಮ್ಮ ಮಕ್ಕಳು ವಿಜ್ಞಾನ, ತಂತ್ರಜ್ಞಾನ ಓದಲಿ ಅಂತ ಒತ್ತಿ ಹೇಳಿದವರೇ. ನಮ್ಮ ಮಕ್ಕಳು ಎಂಜಿನಿಯರ್ ಆಗಲಿ, ಡಾಕ್ಟರ್ ಆಗಲಿ, ಯಾರು ಬೇಡ ಅಂದರು? ಆದರೆ ಅವರು ಇತಿಹಾಸ ಓದಬೇಡಿ ಅನ್ನಲಿಲ್ಲ. ತಾವೇ ಓದಿದರು. ಶೂದ್ರರು ಯಾರು, ಅಸ್ಪೃಶ್ಯರು ಯಾರು ಅಂತ ಕೇಳಿ ದೊಡ್ಡ ಪುಸ್ತಕಗಳನ್ನೇ ಬರೆದರು.

ಇನ್ನು ಬೇಕಾದ್ದೆಲ್ಲ ಇಲ್ಲೇ ಇದೆ ಅನ್ನೋ ಮಾತು. ಕಾಗದ ಇಲ್ಲಿರಬಹುದು. ಕಾಗದದ ಜೊತೆ ಬೇಕಾಗಿರೋದು ಕೇಳಿದ ಪ್ರಶ್ನೆಗೆ ಮುಖ ಸಿಂಡರಿಸದ ಗೈಡು, ಜಾತಿ ಗೊತ್ತಾದ ಮೇಲೂ ಅದೇ ಮುಖದಲ್ಲಿ ಮಾತಾಡೋ ಸಹಪಾಠಿ, ತಿಂಗಳು ತಿಂಗಳು ಬರೋ ಊಟದ ದುಡ್ಡು. ದುಡ್ಡಿದ್ದ ಮನೆಯ ಮಕ್ಕಳು ತಮ್ಮ ಅಪ್ಪನ ದುಡ್ಡಲ್ಲಿ ಹೋಗಿ ನಮ್ಮ ಕೇರಿಯ ಬಗ್ಗೆ ಥೀಸಿಸ್ ಬರೆದರೆ ಯಾವ ಮಾರ್ಗಸೂಚಿಯೂ ಅಡ್ಡ ಬರಲ್ಲ. ಕೇರಿಯ ಮಗಳು ಬರೀತೀನಿ ಅಂದರೆ ಮಾತ್ರ ವಿಷಯ ವ್ಯಾಪ್ತಿಗೆ ಬರಲ್ಲ. ಹಾಗಾದ್ರೆ ನಮ್ಮ ಇತಿಹಾಸ ಬರೆಯೋ ಹಕ್ಕು ಯಾರಿಗೆ ಉಳೀತು?

ವಿದೇಶಕ್ಕೆ ಹೋದರೆ ಜಾತಿ ಇರಲ್ಲ ಅಂತ ನಾನು ಹೇಳ್ತಿಲ್ಲ. ನಮ್ಮೋರು ಹೋದ ಕಡೆ ಜಾತಿನೂ ಪೆಟ್ಟಿಗೇಲಿ ಕೂತು ಹೋಗುತ್ತೆ. ಆಸ್ಟ್ರೇಲಿಯಾದ ಮಾನವ ಹಕ್ಕು ಆಯೋಗವೇ 2022ರಲ್ಲಿ ಜನಾಂಗಭೇದದ ಬಗ್ಗೆ ವರದಿ ಮಾಡುವಾಗ ಜಾತಿ ತಾರತಮ್ಯದ ದೂರನ್ನ ದಾಖಲಿಸಿದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನೇ ನಿಷೇಧ ಮಾಡಬೇಕಾಗಿ ಬಂತು. ಅಂದ್ರೆ ಜಾತಿ ಈಗ ಜಗತ್ತಿನ ವಿಷಯ. ಆಸ್ಟ್ರೇಲಿಯಾಕ್ಕೂ ಅದನ್ನ ತಿಳಿಸಿ ಹೇಳೋರು ಬೇಕು. ಯಾರು ಹೇಳಬೇಕು?

*

ಈಗ ಆ ಮಾತಿಗೆ ಬರ್ತೀನಿ.

ಅವತ್ತು ಜಗಲಿ ಮೇಲೆ ನಾನು ಅವಳಿಗೆ ಕೊಟ್ಟ ಸಲಹೆ ಇದು. "ಒಂದು ಕೆಲಸ ಮಾಡಮ್ಮ. ವಿಷಯದ ಹೆಸರು ಬದಲಾಯಿಸಿಬಿಡು. ಆಸ್ಟ್ರೇಲಿಯಾದ ನೀರಾವರಿ ಅಂತ ಏನೋ ಬರಿ. ಹೋಗಿ ಸೇರಿಕೋ. ಆಮೇಲೆ ನಿಧಾನಕ್ಕೆ ನಿನ್ನ ವಿಷಯಕ್ಕೆ ತಿರುಗಿಸ್ಕೋ. ಕಾಗದದ ಮೇಲೆ ಸರಿ ಇದ್ರೆ ಸಾಕು." ಇಪ್ಪತ್ತು ವರ್ಷ ಕಡತ ನೋಡಿದವನ ಬುದ್ಧಿ ಅದು.

ಅವಳು ನನ್ನ ಮುಖ ನೋಡಿ ಕೇಳಿದಳು. "ಮಾಮ, ಅದು ನೀನು ರೂಮ್ ಬಾಡಿಗೆಗೆ ಹಿಡಿದಂಗೆ ಆಗಲ್ವಾ?"

ಅವಳಿಗೆ ಗೊತ್ತಿದ್ದ ಕಥೆ ಅದು, ನಾನೇ ಹೇಳಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಲ್ಲಿ ಮನೆ ಹುಡುಕ್ತಿದ್ದೆ. 'ನೀವು ಯಾವ ಪೈಕಿ' ಅಂತ ಕೇಳಿದರು. ಎರಡು ಕಡೆ ನಿಜ ಹೇಳಿದೆ, ಮನೆ ಸಿಗಲಿಲ್ಲ. ಮೂರನೇ ಕಡೆ ಸುಳ್ಳು ಹೇಳಿದೆ. ಎಂಟು ತಿಂಗಳು ಆ ಮನೇಲಿದ್ದೆ. ಅವ್ವ ನೋಡೋಕೆ ಬರ್ತೀನಿ ಅಂದಾಗ ಬೇಡ, ನಾನೇ ಬರ್ತೀನಿ ಅಂತ ತಪ್ಪಿಸ್ತಿದ್ದೆ. ಅವಳ ಮಾತು ಕೇಳಿ ಗೊತ್ತಾಗಿಬಿಡುತ್ತೆ ಅಂತ ಭಯ. ಬಾಬಾಸಾಹೇಬರ ಫೋಟೋ ಟ್ರಂಕಲ್ಲಿತ್ತು, ಗೋಡೆ ಮೇಲಿರಲಿಲ್ಲ. ಬರೋಡದ ಛತ್ರದಲ್ಲಿ ಪಾರ್ಸಿ ಹೆಸರಲ್ಲಿ ಇದ್ದ ಬಾಬಾಸಾಹೇಬರ ಕಥೆ ಓದಿದಾಗೆಲ್ಲ ನಂಗೆ ಆ ಟ್ರಂಕು ನೆನಪಾಗುತ್ತೆ. ಅವರನ್ನ ಹನ್ನೊಂದನೇ ದಿನ ಹಿಡಿದರು. ನನ್ನನ್ನ ಯಾರೂ ಹಿಡೀಲಿಲ್ಲ. ಆದರೂ ಆ ಎಂಟು ತಿಂಗಳು ನಾನು ನೆಮ್ಮದಿಯಾಗಿ ಮಲಗಲಿಲ್ಲ.

ಅದೇ ಮನುಷ್ಯ ಇವತ್ತು ಅಕ್ಕನ ಮಗಳಿಗೆ, ನಿನ್ನ ಪ್ರಶ್ನೆನ ಟ್ರಂಕಲ್ಲಿಟ್ಟು ಹೋಗು ಅಂತ ಹೇಳಿಕೊಟ್ಟೆ. ನಾಚಿಕೆ ಆಯ್ತು.

ಅಕ್ಕ ಒಳಗಿಂದ ಕೂಗಿದಳು, "ಅದೇನ್ ಇತಿಹಾಸನೋ, ಯಾವ್ದಾದ್ರೂ ಪರೀಕ್ಷೆ ಬರ್ದು ಕೆಲ್ಸಕ್ಕೆ ಸೇರ್ಕೊ ಅನ್ನು ತಮ್ಮ." ಅಕ್ಕನ ಮಾತಲ್ಲೂ ತಪ್ಪಿಲ್ಲ. ಹೊಟ್ಟೆ ಮೊದಲು. ಅವಳು ಪರೀಕ್ಷೆಗೂ ಓದ್ತಿದ್ದಾಳೆ.

ಆಸ್ಟ್ರೇಲಿಯಾದ ಅರ್ಜಿಯನ್ನೂ ಹಾಕ್ತಿದ್ದಾಳೆ, ತನ್ನದೇ ವಿಷಯದ ಹೆಸರಲ್ಲಿ. ಅಲ್ಲಿನ ಸರ್ಕಾರದ ರಿಸರ್ಚ್ ಟ್ರೇನಿಂಗ್ ಪ್ರೋಗ್ರಾಂ ಅನ್ನೋ ವಿದ್ಯಾರ್ಥಿವೇತನ ಇದೆ. 2017ರಿಂದ ಇರೋದು, ವಿಶ್ವವಿದ್ಯಾಲಯಗಳ ಮೂಲಕವೇ ಕೊಡ್ತಾರೆ, ಹೊರದೇಶದ ಸಂಶೋಧಕರಿಗೂ ಸಿಗುತ್ತೆ. ವಿಷಯ ಭಾರತದ್ದು ಅಂತ ತಳ್ಳಿಹಾಕಲ್ಲ. ಪೈಪೋಟಿ ಜೋರಿದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ವಿಚಾರಿಸ್ತಿದ್ದೀವಿ. ಸಿಗುತ್ತೋ ಇಲ್ವೋ ಗೊತ್ತಿಲ್ಲ. ಯೋಚಿಸಿ ನೋಡಿ, ನಮ್ಮ ಹುಡುಗಿ ನಮ್ಮ ಕೆರೆಯ ಇತಿಹಾಸ ಬರೆಯೋಕೆ ಆಸ್ಟ್ರೇಲಿಯಾ ಸರ್ಕಾರದ ದುಡ್ಡು ಸಿಕ್ಕರೂ ಸಿಗಬಹುದು. ಬಾಬಾಸಾಹೇಬರು ಕೇಳಿ ಹಾಕಿಸಿದ ಬುನಾದಿಯ ಮೇಲೆ ನಿಂತಿರೋ ನಮ್ಮ ಸರ್ಕಾರದ ದುಡ್ಡು ಸಿಗಲ್ಲ.

ಗೆಳೆಯರಲ್ಲಿ ಮೂರು ವಿನಂತಿ.

ಒಂದು, ಆ ಸಾಲು ತೆಗೀಬೇಕು. ಏಪ್ರಿಲ್ 14ಕ್ಕೆ ಹಾರ ಹಾಕೋಕೆ ಬರೋ ಪ್ರತಿಯೊಬ್ಬ ಜನಪ್ರತಿನಿಧಿಗೂ ಒಂದೇ ಪ್ರಶ್ನೆ ಕೇಳಿ: ಬಾಬಾಸಾಹೇಬರು ಇವತ್ತು ಅದೇ ವಿಷಯಕ್ಕೆ ಅರ್ಜಿ ಹಾಕಿದ್ದರೆ ನಿಮ್ಮ ಯೋಜನೆಯಲ್ಲಿ ಸ್ಕಾಲರ್‌ಶಿಪ್ ಸಿಗ್ತಿತ್ತಾ? ಉತ್ತರ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಟಪಾಲು ನಂಬರ್ ಇರಲ್ಲ.

ಎರಡು, ನಮ್ಮಲ್ಲಿ ವಿದೇಶಕ್ಕೆ ಹೋಗಿ ಬಂದವರು, ಈಗ ಅಲ್ಲೇ ಇರೋರು, ದಯವಿಟ್ಟು ಹಿಂದಿನವರಿಗೆ ಕೈ ಕೊಡಿ. ಸಂಶೋಧನಾ ಪ್ರಸ್ತಾವನೆ ಹೇಗೆ ಬರೀಬೇಕು, ಪ್ರಾಧ್ಯಾಪಕರಿಗೆ ಮೇಲ್ ಹೇಗೆ ಬರೀಬೇಕು, ಇಂಗ್ಲಿಷ್ ಪರೀಕ್ಷೆಗೆ ಹೇಗೆ ತಯಾರಾಗಬೇಕು, ಇಷ್ಟು ಹೇಳಿಕೊಡೋರಿಲ್ಲದೆ ನಮ್ಮ ಹಾಸ್ಟೆಲ್ ಮಕ್ಕಳು ಹೊಸ್ತಿಲಲ್ಲೇ ನಿಂತುಬಿಡ್ತಾರೆ.

ಮೂರು, ನಿಮ್ಮ ಮನೇಲಿ ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಹಿರಿಯರು ಇನ್ನೂ ಇದ್ದರೆ, ಇವತ್ತೇ ಅವರ ಪಕ್ಕ ಕೂತು ಮೊಬೈಲಲ್ಲಿ ಮಾತು ರೆಕಾರ್ಡ್ ಮಾಡಿ. ಹಳೇ ಪಹಣಿ, ಇನಾಮು ಪತ್ರ ಇದ್ದರೆ ಫೋಟೋ ತೆಗೆದಿಡಿ. ಬರೆಯೋರು ಬರ್ತಾರೆ. ಅವರು ಬರೋ ಹೊತ್ತಿಗೆ ಹೇಳೋರು ಇಲ್ಲದೆ ಹೋಗಬಾರದು.

ನಾನು ವಾಪಸ್ ಹೊರಡೋವಾಗ ಬಸ್ ಸ್ಟಾಪಿಗೆ ಅವಳೇ ಬಂದಿದ್ದಳು. "ಅರ್ಜೀಲಿ ಕೊನೇಲಿ ಒಂದು ಕಡೆ ನಿನ್ನ ಬಗ್ಗೆ ಬರಿ ಅಂತ ಐತೆ ಮಾಮ, ಏನ್ ಬರೀಲಿ?" ಅಂದಳು.

"ನೀರಗಂಟಿ ಮರಿಮಗಳು ಅಂತ ಬರಿ" ಅಂದೆ.

ಜೈ ಭೀಮ್.